ಹನ್ನೊಂದು ಸಲ ಸದರಿ

ಹಲೋ... ಹಾಂ, ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಪಂಪು ಓಡ್ತಿದೆ.

...

ಹೆಡ್ ಆಫೀಸಿಂದಲಾ? ಕಂಪ್ಯೂಟರಿಗೆ ಪಾಠ ಹೇಳಿಕೊಡ್ತಿರೋ ಮೇಡಂ ಅಲ್ವಾ? ಹಾಂ, ನಾನೇ, ಆಪರೇಟರು. ನಮ್ಮ ಹಳೇ ಲಾಗ್ ಬುಕ್ಕೆಲ್ಲ ಹೊತ್ಕೊಂಡು ಹೋದ್ರಲ್ಲ, ಟೈಪ್ ಆಯ್ತಾ?

ಆಪರೇಟರು ಫೋನನ್ನು ಎಡಗಿವಿಗೆ ಬದಲಾಯಿಸಿದರು. ಸಮುದ್ರದ ನೀರನ್ನು ಸಿಹಿನೀರು ಮಾಡುವ ಆ ಸ್ಥಾವರದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಬಲಗಿವಿ ಪಂಪಿನ ಪಾಲಾಗಿತ್ತು.

...

ಪ್ರೆಶರ್ರಾ? ಒಂದು ರೀಡಿಂಗು ಬಂದು, ಆಮೇಲೆ ಹನ್ನೊಂದು ದಿನವೂ ಅದೇನಾ? ಐವತ್ತೆಂಟು ಪಾಯಿಂಟ್ ಎರಡು... ಹಾಂ. ಯಾವ ತಿಂಗಳು ಅಂದ್ರಿ?... ಹಾಂ.

...

ನಾನು ಆ ಅಂಕಿ ಬರೆದಿದ್ದು ಮೊದಲನೇ ದಿನ ಮಾತ್ರ ಮೇಡಂ. ಆಮೇಲೆ 'ಸದರಿ' ಅಂತ ಬರೆದೆ. ಸದರಿ, ಸದರಿ... ಮೇಲಿನ ಸಾಲಲ್ಲಿ ಏನಿದೆಯೋ ಅದೇ ಅಂತ. ನಿಮ್ಮ ಟೈಪಿಸ್ಟು ಪಾಪ, ಮೇಲಿನ ಅಂಕಿ ಇಳಿಸ್ಕೊಂಡು ಹೋಗಿದಾನೆ.

...

ನಿಜವಾಗ್ಲೂ ಅಷ್ಟೇ ಇತ್ತಾ ಅಂತ ಕೇಳ್ತಿದೀರಾ?

ಎದುರಿನ ಮೀಟರಿನ ಮುಳ್ಳು ಎಂದಿನಂತೆ ನಡುಗುತ್ತಿತ್ತು. ಹನ್ನೊಂದು ದಿನ ಒಂದೇ ಕಡೆ ನಿಲ್ಲುವ ಜಾತಿಯ ಮುಳ್ಳಲ್ಲ ಅದು. ಹೌದು ಎಂದುಬಿಟ್ಟರೆ ಮಾತು ಇಲ್ಲಿಗೇ ಮುಗಿಯಿತು. ಇಲ್ಲ ಎಂದರೆ, ನೋಡದೆ ಬರೆದವನನ್ನು ಪಂಪ್ ಹೌಸಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

...

ಇಲ್ಲಮ್ಮ. ನಾನು ಮೀಟರ್ ನೋಡ್ಲೇ ಇಲ್ಲ. ಬರ್ತಿದ್ದೆ, ಕೂರ್ತಿದ್ದೆ, ಸದರಿ ಬರೀತಿದ್ದೆ. ನಮ್ಮನೆಯವಳು ಆಸ್ಪತ್ರೇಲಿದ್ಳು. ಹೇಗಿದಾಳೆ ಅಂತ ಕೇಳಿದೋರಿಗೂ ಅದೇ, ನಿನ್ನೆ ಥರಾನೇ ಇದಾಳೆ ಅಂತಿದ್ದೆ.

...

ಹಾಂ, ಹೋದ್ಳು. ಹನ್ನೆರಡನೇ ದಿನ. ಆವತ್ತಿನ ಸಾಲು ಬೇರೆಯವರ ಕೈಬರಹ, ನೋಡಿ.

...

ಅಯ್ಯೋ, ನೀವ್ಯಾಕೆ ಸಾರಿ ಹೇಳ್ತೀರಾ. ನನಗೆ ಆವಾಗಲೂ ಅಳು ಬರ್ಲಿಲ್ಲ, ಈಗಲೂ ಬರಲ್ಲ. ಅದು ಬಿಡಿ. ನಿಮ್ಮ ಮಷಿನ್ನು ಆ ಹನ್ನೊಂದು ದಿನದಿಂದ ಏನು ಕಲಿತಿದೆ?

...

ಏನಂದ್ರಿ?... ಇನ್ನೊಂದ್ಸಲ ಹೇಳಿ.

...

ಪ್ರೆಶರ್ ಒಂಚೂರೂ ಏರ್ಲಿಲ್ಲ ಅಂತ ನಮ್ಮ ಪ್ಲಾಂಟಿನ ಅತೀ ಒಳ್ಳೇ ದಿನಗಳಾ? ಅದನ್ನೇ ಮಾದರಿ ಅಂತ ಇಟ್ಕೊಂಡಿದೆಯಾ? ಎಲ್ಲಾ ದಿನವೂ ಹಾಗೇ ಇರ್ಬೇಕು ಅಂತ?

ಆಪರೇಟರು ಸ್ಟೂಲು ಎಳೆದುಕೊಂಡು ಕುಳಿತರು. ನಗು ಬರಬೇಕಿತ್ತು, ಅದೂ ಬರಲಿಲ್ಲ.

...

ತೆಗೆದುಹಾಕಮ್ಮ ಆ ಹನ್ನೊಂದು ದಿನಾನ. ಉಪ್ಪು ಸೋಸೋ ಮೆಂಬ್ರೇನು ಯಾವಾಗ ತೊಳೀಬೇಕು ಅಂತ ಸೋಮವಾರದಿಂದ ನಿಮ್ಮ ಮಷಿನ್ನೇ ಹೇಳೋದು ಅಲ್ವಾ? ಕೊಳೆ ಕಟ್ಟಿದಷ್ಟೂ ಪ್ರೆಶರ್ ಏರುತ್ತೆ, ಇದು ನೋಡಿದ್ರೆ ಹನ್ನೊಂದು ದಿನ ತೊಳೀದಿದ್ರೂ ಏರಲ್ಲ ಅಂತ ನಂಬ್ಕೊಂಡು ಕೂತಿದೆ. ಊರಿಗೆಲ್ಲ ಉಪ್ಪುನೀರು ಕುಡಿಸುತ್ತೆ.

...

ಗೊತ್ತು. ಮೇಲಿನವರಿಗೆ ಹೋಗುತ್ತೆ, ನನ್ನನ್ನ ಇಲ್ಲಿಂದ ಎತ್ತಂಗಡಿ ಮಾಡ್ತಾರೆ. ಬರ್ಕೊಳ್ಳಿ. ಆಪರೇಟರು ನೋಡದೇ ಬರೆದ ಅಂತಾನೇ ಬರ್ಕೊಳ್ಳಿ.

...

ನಾನಾ? ಈಗ ಹೇಗಿದೀನಿ ಅಂತಾನಾ?

...

ಮೂರು ವರ್ಷ ಆಯ್ತಲ್ಲಮ್ಮ... ಸದರಿ ಅಂತ ಬರ್ಕೊಳ್ಳಿ... ಹಲೋ? ಕೇಳಿಸ್ತಾ? ಹಲೋ...