ಸಬೀಹಾಳ ಭಾನುವಾರದ ಮಾತು

ಆ ವಾರ ಓದಿದ ಕಾದಂಬರಿ, ಕೇಳಿದ ಆಡಿಯೋ ಪುಸ್ತಕಗಳ ಬಗ್ಗೆ ಸಬೀಹಾ ಪ್ರತಿ ಭಾನುವಾರ ಮಾತಾಡಿ, ಅದನ್ನು ರೆಕಾರ್ಡ್ ಮಾಡಿ ಓದುಗರ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದಳು. ಸೋಮವಾರ ಶೃಂಗೇರಿ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಮಾತು ಅವಳ ಕಿವಿಗೆ ಬಿತ್ತು.

“ಎಂತದೇ ಅರ್ಪಿತಾ, ಯಾರೋ ಏನೋ ಅಂದ್ರು ಅಂತ ಬರೆಯೋದೇ ಬಿಡ್ತೀಯಾ?”

“ಅತ್ತೆ, ಕೊನೆಗೆ ತಾಯಿ ಮಗಳನ್ನ ಕ್ಷಮಿಸ್ತಾಳೆ, ಅದೇ ಹಳೇ ಕಥೆ ಅಂದ್ಲು ಆ ಸಬೀಹಾ. ನನ್ನ ಕಾದಂಬರೀಲಿ ತಾಯಿ ಕ್ಷಮಿಸೋದೇ ಇಲ್ಲ.”

“ಹಂಗಾರೆ ಅವಳು ಪೂರ್ತಿ ಓದೇ ಇಲ್ಲ ಬಿಡು ಮಾರಾಯ್ತಿ.”

“ಗುಂಪಿನವರೆಲ್ಲ ಅವಳ ಮಾತೇ ನಂಬಿದಾರೆ. ಎರಡನೇದು ಬರೆಯೋದಿಲ್ಲ ಅಂತ ಇವತ್ತೇ ಪ್ರಕಾಶಕರಿಗೆ ಹೇಳ್ತೀನಿ.”

ಪಾತ್ರೆ ತೊಳೆಯುತ್ತ ಕೇಳಿದ್ದ ಆ ಪುಸ್ತಕವನ್ನು ಕೊನೆಯ ಅಧ್ಯಾಯಕ್ಕೆ ಮೊದಲೇ ನಿಲ್ಲಿಸಿ, ಮುಕ್ತಾಯವನ್ನು ಸಬೀಹಾ ಊಹಿಸಿ ಹೇಳಿದ್ದಳು. ಈಗ ಹೇಳಲೋ, ಆಮೇಲೆ ಹೇಳಲೋ ಎಂದು ತಡವರಿಸುವಷ್ಟರಲ್ಲಿ ಮೆಣಸೆ ಸ್ಟಾಪು ಬಂತು. ಅವರಿಬ್ಬರೂ ಇಳಿದುಬಿಟ್ಟರು.

ಸಬೀಹಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು.

“ಅರ್ಪಿತಾ, ಕೊನೇ ಅಧ್ಯಾಯ ನಾನು ಕೇಳೇ ಇರ್ಲಿಲ್ಲ! ತಪ್ಪಾಯ್ತು ಅಂತ ಎಲ್ಲರಿಗೂ ಹೇಳ್ತೀನಿ!”

ದನಿಯ ಗುರುತು ಹಿಡಿದ ಅರ್ಪಿತಾ ಗಕ್ಕನೆ ತಿರುಗಿದಳು. ಬಸ್ಸು ಆಗಲೇ ಹೊರಟಿತ್ತು.

“ಮೊದ್ಲು ಕೇಳಿ,” ಎಂದು ಅವಳು ರಸ್ತೆಯಿಂದಲೇ ಚೀರಿದಳು. “ಆಮೇಲೆ ಹೇಳಿ!”