ಉಳಿದ ಬೋಲ್ಟುಗಳು

ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕೆಳಗಿನ ಬಸ್ ನಿಲ್ದಾಣದ ಮಾತು ಕೇಳಿ ಕೈ ನಿಲ್ಲಿಸಿದೆ. ಶರತ್ಕಾಲದ ಉತ್ಸವಕ್ಕೆ ಹೊರಟಿದ್ದ ತಾಯಿ, ಮಗಳು.

“ಅಮ್ಮಾ, ಮೊದಲು ಜೈಂಟ್ ವ್ಹೀಲ್!”

“ಅದೊಂದು ಬಿಟ್ಟು ಏನು ಬೇಕಾದ್ರೂ ಹತ್ತು, ಪುಟ್ಟೀ.”

“ಅದನ್ನ ಜೋಡಿಸಿದ್ದೇ ನಮ್ಮಪ್ಪ ಅಲ್ವಾ?”

“ಅಪ್ಪಾನೇ ಬೇಡ ಅಂದಿದ್ದಾರೆ ಕಣೇ.”

“ಹೋದ ವರ್ಷ ಅವರೇ ಕೂರಿಸಿದ್ರು! ಈ ಸಲ ಪುಕ್ಕಲ ಆಗ್ಬಿಟ್ರಾ?”

“ಹೋದ ವರ್ಷ ಜೋಡಿಸೋಕೆ ನಾಲ್ಕು ದಿನ ಕೊಟ್ಟಿದ್ರು. ಈ ಸಲ ಒಂದೇ ದಿನ.”

“ಅದಕ್ಕೇನಾ ಅಪ್ಪನ ಜೇಬಲ್ಲಿ ಅಷ್ಟೊಂದು ಬೋಲ್ಟು ಉಳಿದಿದ್ದು?”

“ಮೆಲ್ಲಗೆ ಮಾತಾಡೇ! ಅವರ ಕೆಲಸ ಹೋದ್ರೆ?”

ಅದೇ ಉತ್ಸವಕ್ಕೆಂದು ನನ್ನ ಮಕ್ಕಳು ಒಳಗೆ ಶೂ ಹಾಕಿಕೊಳ್ಳುತ್ತಿದ್ದರು.

ಬಸ್ ಬಂತು. ಮೆಟ್ಟಿಲ ಮೇಲೆ ಹುಡುಗಿ ತಿರುಗಿ ನಿಂತಳು.

“ಬೇರೆ ಮಕ್ಕಳಿಗೆ ಹತ್ತಬೇಡಿ ಅಂತ ಯಾರು ಹೇಳ್ತಾರಮ್ಮಾ?”