ಅವರು ಯಾವ ಪೈಕಿ?

ಒಂದು ಊರು, ಊರಾಚೆ ಒಂದು ಬಡಾವಣೆ, ಅಲ್ಲೊಬ್ಬ ಅನುಕೂಲಸ್ಥ. ಹೆಸರು ಬೇಡ ಬಿಡಿ, ನಿಮ್ಮಲ್ಲೇ ಯಾರಾದರೂ ಹೆಗಲು ಮುಟ್ಟಿ ನೋಡಿಕೊಂಡೀರಿ. ಯಜಮಾನ ಅನ್ನೋಣ. ತಹಶೀಲ್ದಾರರೊಬ್ಬರು ಕಟ್ಟಿಸಿದ ಮನೆಯನ್ನು ಅವರಿಂದಲೇ ಕೊಂಡಿದ್ದ. ಮುಂದೆ ಸೀಬೆ ಗಿಡ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಮಕ್ಕಳು ಅಲ್ಲೇ ಬೆಳೆದರು. ಈಗ ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಮನೆ ಎದ್ದಿತ್ತು, ಇದನ್ನು ಮಾರಲು ನಿಂತ.

ನೋಡಲು ಬಂದವರು ಗಂಡ ಹೆಂಡತಿ. ಆಕೆ ಹುಲಿಗೆಮ್ಮ, ಆಸ್ಪತ್ರೆಯಲ್ಲಿ ನರ್ಸು; ಆತ ದುರುಗಪ್ಪ, ಬಸ್ ಕಂಡಕ್ಟರು. ಆಕೆ ಅಡುಗೆಮನೆಯ ಕಿಟಕಿ ತೆರೆದು ನೋಡಿದಳು, ಮಾವನ ಮಂಚ ಎಲ್ಲಿ ಹಾಕೋದು ಅಂತ ಗಂಡನನ್ನು ಕೇಳಿದಳು. ಯಜಮಾನನಿಗೆ ಅವರು ಹಿಡಿಸಿದರು. ಮನೆ ನಿಮ್ಮದೇ ಅಂದ. ಎಲೆ ಅಡಿಕೆ ಕೊಟ್ಟ. ನೋಡಿ, ಎಲೆ ಅಡಿಕೆ ಕೊಟ್ಟ ಮೇಲೆ ಅದು ಮಾತು.

ಸುದ್ದಿ ಬೀದಿಗೆ ಬಿತ್ತು. ಮರುದಿನ ಬೀದಿಯ ಹಿರಿಯರು ಬಂದು ಕೂತರು. ಎಂಥವರು? ವಾರ ವಾರ ಭಜನೆಗೆ ತಾಳ ಹಾಕುವವರು. ಟೀ ಕುಡಿದರು, ಅದೂ ಇದೂ ಮಾತಾಡಿದರು. ಆಮೇಲೆ ಒಬ್ಬರು ಮೆಲ್ಲಗೆ ಕೇಳಿದರು, 'ಅವರು ಯಾವ ಪೈಕಿ?'

ಯಜಮಾನನಿಗೆ ಗೊತ್ತಿತ್ತು. ಕೇಳಿದವರಿಗೂ ಗೊತ್ತಿತ್ತು. ನಮಗೇನೂ ಭೇದವಿಲ್ಲಪ್ಪ, ಆದರೆ ನೀವು ಹೊರಟಿರಿ, ಇಲ್ಲಿ ಇರಬೇಕಾದವರು ನಾವು ಅಂದರು. ಯಜಮಾನನಿಗೆ ಮಗಳ ಮದುವೆ ಇನ್ನೂ ಆಗಬೇಕಿತ್ತು. ನಾಲ್ಕು ಜನರ ಬಾಯಿಗೆ ಹೆದರಿದ.

ಸಂಜೆ ಆ ದಂಪತಿಯನ್ನು ಕರೆಸಿ, ಮನೆ ಬಿಡಲು ನನ್ನ ಹೆಂಡತಿಗೆ ಮನಸ್ಸಿಲ್ಲ ಅಂದ. ಹೆಂಡತಿ ಒಳಗೇ ನಿಂತು ಕೇಳಿಸಿಕೊಂಡಳು. ದುರುಗಪ್ಪ ಎದ್ದು ನಿಂತ.

'ಯಜಮಾನ್ರೆ, ಕಾರಣ ನಮಗ ಗೊತ್ತೈತಿ. ಅದನ್ನ ನಿಮ್ಮ ಬಾಯಿಂದ ಒಂದ್ಸಲ ಹೇಳ್ರಿ, ಹೋಗ್ತೀವಿ.'

ಯಜಮಾನ ಹೇಳಲಿಲ್ಲ. ಮಾಡುವ ಧೈರ್ಯವಿತ್ತು, ಹೇಳುವ ಧೈರ್ಯ ಇರಲಿಲ್ಲ.

ಮನೆ 'ನಮ್ಮವರೇ' ಒಬ್ಬರಿಗೆ ಹೋಯಿತು. ಬೀದಿಗೆ ಸಮಾಧಾನ. ಆ ನಮ್ಮವರು ಅಲ್ಲಿ ಒಂದು ದಿನವೂ ಒಲೆ ಹಚ್ಚಲಿಲ್ಲ. ಹೆಚ್ಚು ಕೊಟ್ಟ ಗ್ರಾನೈಟ್ ವ್ಯಾಪಾರಿಗೆ ದಾಟಿಸಿದರು. ಗಿಡ ಹೋಯಿತು, ಗೋಡೆ ಹೋಯಿತು, ಕಲ್ಲು ಕೊಯ್ಯುವ ಯಂತ್ರ ಬಂತು. ಬೀದಿಯವರು ಉಣ್ಣುವ ತಟ್ಟೆಯ ಮೇಲೆ ಬಿಳಿ ಧೂಳು. ಮಾರಿ ಹೋಗೋಣವೆಂದರೆ ಆ ಬೀದಿಯ ಮನೆಗಳನ್ನು ಈಗ ಕೇಳುವವರೇ ಇಲ್ಲ.

ಒಂದು ದಿನ ಯಜಮಾನ ಆ ಕಡೆ ಹೋದಾಗ ಹಿರಿಯರು ಮುತ್ತಿಕೊಂಡರು. ಎಂಥವನಿಗೆ ಮಾರಿ ನಮ್ಮ ಬಾಳು ಹಾಳು ಮಾಡಿದಿರಿ ಅಂತ ಬೈದರು. ನೀವು ಹೇಳಿದ್ದಕ್ಕಲ್ಲವೇ ಅಂದ.

'ನಾವೆಲ್ಲಿ ಹೇಳಿದೆವು? ಮನೆ ನಿಮ್ಮದು, ಮಾರಿದವರು ನೀವು.'

ನಿಜವೇ. ಕೊಡಬೇಡಿ ಅಂತ ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದರು, ಅಷ್ಟೇ. ಯಜಮಾನ ತಲೆ ತಗ್ಗಿಸಿ ಬಂದ ದಾರಿಯಲ್ಲೇ ಹೋದ.

ಪಾಪ, ಅಂತ ಲೊಚಗುಟ್ಟಿದಿರಿ. ಯಾರಿಗೆ ಪಾಪ? ಯಜಮಾನನಿಗೆ? ಧೂಳು ತಿಂದವರಿಗೆ? ಇಷ್ಟು ಹೊತ್ತು ಕಥೆ ಕೇಳಿದಿರಿ, ಆ ಗಂಡ ಹೆಂಡತಿ ಏನಾದರು ಅಂತ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಬಾಡಿಗೆ ಮನೆಯಲ್ಲೇ ಇದ್ದಾರೆ. ಮಾವ ಅಲ್ಲೇ ತೀರಿಕೊಂಡ.

ದೇವರ ಮುಂದೆ ಕೈ ಮುಗಿಯೋದು ನಿಮಗೆ ಬರುತ್ತೆ, ಅದನ್ನು ನಾನು ಕಲಿಸಬೇಕಿಲ್ಲ. ನಿಮ್ಮದೊಂದು ಮನೆ ಖಾಲಿ ಇದೆ ಅಂತ ಯಾರಾದರೂ ಬಾಗಿಲಿಗೆ ಬಂದರೆ, ಎಷ್ಟು ಜನ ಇದ್ದೀರಿ, ನೀರು ಸಾಲುತ್ತಾ ಅಂತ ಕೇಳಿ. ಆ ಇನ್ನೊಂದು ಪ್ರಶ್ನೆ ಬಾಯಿಗೆ ಬಂದರೆ ನುಂಗಿ. ಪಕ್ಕದವರು ಕೇಳಿದರೆ, ಗೊತ್ತಿಲ್ಲ ಅನ್ನಬೇಡಿ. ಗೊತ್ತು, ಆದರೂ ಕೊಡುತ್ತೇನೆ ಅನ್ನಿ. ಅಷ್ಟು ಹೇಳಲಾರದವರು ನಾಳೆಯಿಂದ ಪ್ರವಚನಕ್ಕೆ ಬಂದು ನನ್ನ ಗಂಟಲು ದಣಿಸಬೇಡಿ.